ಹತ್ತು ನಿಮಿಷದಲ್ಲಿ ಒಂದು ಹಾಡು ಕೇಳಿಸುವ ಬಗೆ

ಹಳೆಯ ಹಾಡು, ಹಳೆಯ ಕ್ಯಾಸೆಟ್, ಹಳೆಯ ಗಾಯಕರ ಬಗ್ಗೆ ಪಾಡ್‌ಕಾಸ್ಟ್ ಮಾಡಬೇಕೆಂದು ಹೊರಟವರು ಹೆಚ್ಚಾಗಿ ಎಡವುವುದು ಮೊದಲ ಎರಡು ನಿಮಿಷಗಳಲ್ಲಿ. ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ, ಗಾಯಕರು ಹುಟ್ಟಿದ್ದು ಇಂಥ ಊರಲ್ಲಿ, ತಂದೆ ಇಂಥವರು, ಬಂದ ಪ್ರಶಸ್ತಿಗಳು ಇಂತಿಷ್ಟು. ಇಷ್ಟು ಮುಗಿಯುವ ಹೊತ್ತಿಗೆ ಕೇಳುಗರು ಬೇರೆ ಕಡೆ ಹೋಗಿರುತ್ತಾರೆ. ಹಾಡಿನ ಮಾತು ಇನ್ನೂ ಬಂದಿರುವುದೇ ಇಲ್ಲ. ಮಾಡಿದವರಿಗೆ ಹಾಡಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅದನ್ನು ಕೇಳುಗರ ಕಿವಿಗೆ ದಾಟಿಸುವ ದಾರಿ ಸಿಕ್ಕಿರುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಓದುಗರನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹಾಡಿಗೆ ಬರವಿಲ್ಲ. ಹಾಡಿನ ಬಗ್ಗೆ ಕೂತು ಮಾತಾಡಿದ ದಾಖಲೆಗೆ ಬರವಿದೆ. ಭಜನೆಯ ತತ್ವಪದ, ಮೊಹರಂ ಪದ, ಡೊಳ್ಳಿನ ಹಾಡು, ಚೌಡಕಿ ಪದ, ಗೀಗೀ, ಬಯಲಾಟ, ಅಕ್ಕಲಕೋಟ–ಸೊಲ್ಲಾಪುರದ ಕಡೆಯಿಂದ ಬರುವ ಮರಾಠಿ ಅಭಂಗ, ಉರುಸಿನ ಕವ್ವಾಲಿ, ಇವೆಲ್ಲದರ ಮೇಲೆ ಸಿನಿಮಾ ಹಾಡು. ಒಂದೇ ಊರಿನವರ ಕಿವಿಗೆ ಇಷ್ಟೂ ಬಿದ್ದಿವೆ. ಇದರ ಬಗ್ಗೆ ಮಾತಾಡಲು ಬೆಂಗಳೂರಿನಿಂದ ಯಾರೂ ಬರಬೇಕಾಗಿಲ್ಲ.

ಹಾಡಿನ ಸುತ್ತ ಸಣ್ಣ ಕಾರ್ಯಕ್ರಮ ಕಟ್ಟುವುದು ಹೊಸದೂ ಅಲ್ಲ. ರೇಡಿಯೋ ಸಿಲೋನ್‌ನಲ್ಲಿ 1952ರಲ್ಲಿ ಶುರುವಾದ ಗೀತಮಾಲಾದಲ್ಲಿ ಅಮೀನ್ ಸಯಾನಿ ಹಾಡುಗಳ ನಡುವಿನ ಮಾತನ್ನೇ ಒಂದು ಕಲೆ ಮಾಡಿದರು. 1957ರಲ್ಲಿ ಹುಟ್ಟಿದ ವಿವಿಧ ಭಾರತಿಯ ‘ಸಂಗೀತ ಸರಿತಾ’ ಒಂದು ರಾಗವನ್ನು ಹಿಡಿದು, ಅದೇ ರಾಗದ ಸಿನಿಮಾ ಹಾಡನ್ನು ಪಕ್ಕಕ್ಕಿಟ್ಟು ತೋರಿಸಿತು. ನಮ್ಮ ಕಲಬುರಗಿ ಆಕಾಶವಾಣಿ 1966ರಿಂದ ಈ ಸೀಮೆಯ ಧ್ವನಿಯನ್ನು ಬಿತ್ತರಿಸುತ್ತಿದೆ. ಪಾಡ್‌ಕಾಸ್ಟ್ ಲೋಕದಲ್ಲಿ ಹೃಷಿಕೇಶ್ ಹಿರ್ವೆ 2014ರಲ್ಲಿ ಆರಂಭಿಸಿದ ‘ಸಾಂಗ್ ಎಕ್ಸ್‌ಪ್ಲೋಡರ್’ ಒಂದು ಕಂತಿಗೆ ಒಂದೇ ಹಾಡು ಎಂಬ ಕಟ್ಟುಪಾಡಿನಿಂದಲೇ ಹೆಸರಾಯಿತು. ಇವುಗಳಿಂದ ಕಲಿಯಬೇಕಾದದ್ದು ಒಂದೇ. ಎಲ್ಲರೂ ಕಡಿಮೆ ವಿಷಯ ಹಿಡಿದರು, ಹಿಡಿದದ್ದನ್ನು ಕೇಳಿಸಿದರು.

ಏನನ್ನು ಕೇಳಬೇಕೆಂದು ಮೊದಲೇ ಹೇಳಬೇಕು, ಯಾಕೆ?

ಓದುವವರು ಒಂದು ಸಾಲು ತಪ್ಪಿದರೆ ಹಿಂದಕ್ಕೆ ಹೋಗಿ ಓದುತ್ತಾರೆ. ಕೇಳುವವರು ಹಾಗೆ ಮಾಡುವುದು ಅಪರೂಪ. ಅವರು ಬಸ್ಸಿನಲ್ಲಿರುತ್ತಾರೆ, ಹೊಲದಲ್ಲಿರುತ್ತಾರೆ, ರೊಟ್ಟಿ ಬಡಿಯುತ್ತಿರುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಾಡಿನಲ್ಲಿ ಒಂದೇ ಹೊತ್ತಿಗೆ ಪದ, ಧಾಟಿ, ತಾಳ, ಪೇಟಿ, ತಬಲಾ, ಹಿಮ್ಮೇಳ ಎಲ್ಲವೂ ಸಾಗುತ್ತಿರುತ್ತವೆ. ಕಿವಿ ತನಗೆ ರೂಢಿಯಾದ ಒಂದನ್ನು, ಸಾಮಾನ್ಯವಾಗಿ ಪದವನ್ನು, ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ‘ಈಗ ಹಿಮ್ಮೇಳದವರು ಎಲ್ಲಿ ಸೇರುತ್ತಾರೆ, ಅದನ್ನಷ್ಟೇ ಗಮನಿಸಿ’ ಎಂದು ಹೇಳಿ ಇಪ್ಪತ್ತು ಸೆಕೆಂಡು ಕೇಳಿಸಿದರೆ, ವರ್ಷಗಟ್ಟಲೆ ಕೇಳಿದ ಹಾಡಿನಲ್ಲೂ ಹೊಸದೊಂದು ಕಾಣುತ್ತದೆ. ಆ ಸಂತೋಷಕ್ಕಾಗಿಯೇ ಜನ ಮುಂದಿನ ಕಂತಿಗೆ ಬರುತ್ತಾರೆ. ಜೀವನಚರಿತ್ರೆ ಎಲ್ಲಿ ಬೇಕಾದರೂ ಸಿಗುತ್ತದೆ, ಈ ಕೇಳ್ವಿಕೆ ಸಿಗುವುದಿಲ್ಲ.

ಆದ್ದರಿಂದ ಕ್ರಮ ಇಷ್ಟೇ: ಹೇಳಿ, ಕೇಳಿಸಿ, ಕೇಳಿಸಿದ್ದರ ಬಗ್ಗೆ ಒಂದು ಮಾತು ಸೇರಿಸಿ. ಹತ್ತು ನಿಮಿಷದಲ್ಲಿ ಇದನ್ನು ಮೂರು ಸಲ, ಹೆಚ್ಚೆಂದರೆ ನಾಲ್ಕು ಸಲ ಮಾಡಬಹುದು. ಐದನೆಯದಕ್ಕೆ ಕೈ ಹಾಕಿದರೆ ಮೊದಲಿನದು ಮರೆತುಹೋಗುತ್ತದೆ.

ವಿಷಯ ಎಲ್ಲಿದೆ?

‘ಕನ್ನಡ ಚಿತ್ರಗೀತೆಗಳ ಇತಿಹಾಸ’ ಕಂತಿನ ವಿಷಯವಲ್ಲ. ಅದು ಪುಸ್ತಕದ ವಿಷಯ. ಕಂತಿಗೆ ಬೇಕಾದದ್ದು ಒಂದು ಪ್ರಶ್ನೆ. ನಮ್ಮ ಸೀಮೆಯಿಂದಲೇ ಕೆಲವನ್ನು ಮುಂದಿಡುತ್ತೇನೆ.

ಕಡಕೋಳ ಮಡಿವಾಳಪ್ಪನವರಿಂದ ಶುರು ಮಾಡೋಣ. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರು, ನೆಲೆಯಾದದ್ದು ಕಡಕೋಳ. ಕಡಕೋಳ ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಅದರಿಂದ ಬೇರೆಯಾದ ಯಡ್ರಾಮಿ ತಾಲ್ಲೂಕಿನಲ್ಲಿದೆ. ಅವರ ಶಿಷ್ಯರ ಹೆಸರು ಓದಿದರೇ ಒಂದು ಕಂತು ಕಣ್ಣ ಮುಂದೆ ಬರುತ್ತದೆ: ತೆಲಗಬಾಳ ರೇವಪ್ಪ, ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ರಾಂಪುರದ ಬಕ್ಕಪ್ಪ. ಜಾತಿ ಧರ್ಮ ಬೇರೆ ಬೇರೆಯಾದ ಇವರೆಲ್ಲರ ಪದಗಳನ್ನು ಒಂದೇ ಭಜನಾ ಮಂಡಳಿ ಒಂದೇ ರಾತ್ರಿ ಹಾಡುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಮಡಿವಾಳಪ್ಪ ಯಾರು’ ಎಂಬುದಲ್ಲ. ಗುರುವಿನ ಪದಕ್ಕೂ ಶಿಷ್ಯನ ಪದಕ್ಕೂ ಧಾಟಿ ಒಂದೆಯೋ ಬೇರೆಯೋ? ಒಂದೇ ಪದವನ್ನು ಜೇವರ್ಗಿ ಕಡೆಯವರು ಹಾಡುವ ಬಗೆಗೂ ಆಳಂದ ಕಡೆಯವರು ಹಾಡುವ ಬಗೆಗೂ ಏನು ವ್ಯತ್ಯಾಸ? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ನೀವು ಎರಡು ಊರಿಗೆ ಹೋಗಿ ಕೇಳಿಸಿಕೊಳ್ಳಬೇಕು. ಪದಗಳ ಪಠ್ಯ ಬೇಕಾದರೆ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಹೊರತಂದ ತತ್ವಪದ ಸಂಪುಟಗಳಿವೆ.

ತತ್ವಪದದಲ್ಲಿ ಮಾತಾಡಲು ಇನ್ನೂ ಒಂದು ದೊಡ್ಡ ಸಂಗತಿ ಇದೆ. ಮುಂದಿನವರು ಒಂದು ಸಾಲು ಹಾಡುತ್ತಾರೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಹೀಗೆ ಮಾಡುವುದರಿಂದ ಮುಂದಿನವರಿಗೆ ಉಸಿರು ಸಿಗುತ್ತದೆ, ಅಕ್ಷರ ಬಾರದವರಿಗೂ ಪದ ಬಾಯಿಪಾಠವಾಗುತ್ತದೆ, ಕೂತವರೆಲ್ಲ ಹಾಡುಗಾರರಾಗುತ್ತಾರೆ. ಇದನ್ನು ಕೇಳಿಸಿ ತೋರಿಸಿದರೆ ತತ್ವಪದ ಇಷ್ಟು ಕಾಲ ಬಾಯಿಂದ ಬಾಯಿಗೆ ಹೇಗೆ ಉಳಿಯಿತೆಂಬುದು ತಾನೇ ತಿಳಿಯುತ್ತದೆ.

ಮೊಹರಂ ಪದಗಳದ್ದು ಮತ್ತೊಂದು ಸಂಪತ್ತು. 680ರಲ್ಲಿ ನಡೆದ ಕರ್ಬಲಾದ ಕಥೆ ಅಪ್ಪಟ ಕನ್ನಡದಲ್ಲಿ, ಹಳ್ಳಿಯ ಮನೆಯ ದುಃಖವಾಗಿ ಇಲ್ಲಿ ಹಾಡಾಗುತ್ತದೆ. ಹಾಡುವವರಲ್ಲಿ ಮುಸ್ಲಿಮರಷ್ಟೇ ಹಿಂದೂಗಳೂ ಇರುತ್ತಾರೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಓದಿಕೊಂಡು ಹೋದರೆ ಏನು ಕೇಳಬೇಕೆಂಬುದು ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಆಲಾಯಿ ಆಡುವ ದಿನವೇ ಮೈಕು ಹಿಡಿದು ನಿಲ್ಲಬೇಡಿ. ಹಬ್ಬಕ್ಕೆ ಮೊದಲು, ಪದ ಕಲಿಯುವ ರಾತ್ರಿಗಳಲ್ಲಿ ಹೋಗಿ. ಆಗ ಅವರಿಗೆ ಬಿಡುವಿರುತ್ತದೆ, ತಪ್ಪಿದಲ್ಲಿ ನಿಲ್ಲಿಸಿ ತಿದ್ದುವುದೂ ನಿಮ್ಮ ಧ್ವನಿಮುದ್ರಣದಲ್ಲಿ ಸಿಗುತ್ತದೆ.

ಗಡಿಯ ವಿಷಯವನ್ನೇ ಹಿಡಿಯಬಹುದು. ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದ ಬರುವ ದತ್ತಭಕ್ತರು ಮರಾಠಿ ಹಾಡುತ್ತಾರೆ, ಗುರುಚರಿತ್ರೆಯೂ ಮರಾಠಿ ಕೃತಿ. ಅದನ್ನು ಬರೆದ ಸರಸ್ವತಿ ಗಂಗಾಧರರ ಊರೆಂದು ಭಕ್ತರು ನೆನೆಯುವುದು ಆಳಂದ ತಾಲ್ಲೂಕಿನ ಕಡಗಂಚಿಯನ್ನು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಮರಾಠಿಯಲ್ಲಿ ಸಂತವಾಣಿಯನ್ನೂ ಕನ್ನಡದಲ್ಲಿ ದಾಸವಾಣಿಯನ್ನೂ ಹಾಡಿದರು. ಎರಡನ್ನೂ ಅಕ್ಕಪಕ್ಕ ಇಟ್ಟು, ಅದೇ ಕಂಠ ಭಾಷೆ ಬದಲಾದಾಗ ಪದವನ್ನು ಒತ್ತುವ ಬಗೆ ಬದಲಾಗುತ್ತದೆಯೇ ಎಂದು ಕೇಳಿದರೆ ಗಡಿಯ ಎರಡೂ ಕಡೆಯವರಿಗೆ ಸಲ್ಲುವ ಕಂತಾಗುತ್ತದೆ. ಹಾಗೆಯೇ ವಚನ ಗಾಯನ: ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ. ಮೂವರಲ್ಲಿ ಯಾರು ಪದವನ್ನು ರಾಗಕ್ಕೆ ಒಪ್ಪಿಸುತ್ತಾರೆ, ಯಾರು ರಾಗವನ್ನು ಪದಕ್ಕೆ ಒಪ್ಪಿಸುತ್ತಾರೆ?

ಸಿನಿಮಾ ಮತ್ತು ಭಾವಗೀತೆಗಳಿಗೂ ಇದೇ ರೀತಿ. ‘ಪ್ರೇಮಲೋಕ’ (1987) ಚೆನ್ನಾಗಿದೆ ಎನ್ನುವುದು ಎಲ್ಲರಿಗೂ ಗೊತ್ತು. ಹಂಸಲೇಖ ಅಲ್ಲಿ ಹಾಡಿಗೆ ಸಂಭಾಷಣೆಯ ಕೆಲಸ ಕೊಟ್ಟರು, ಆಡುಮಾತಿನ ಏರಿಳಿತವನ್ನೇ ಧಾಟಿ ಮಾಡಿದರು. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವುದು ಒಳ್ಳೆಯ ಕಂತು. 1978ರ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾದದ್ದು: ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಪುಸ್ತಕದಲ್ಲಿ ಓದುವ ಕವಿತೆಗೂ ಕ್ಯಾಸೆಟ್ಟಿನಲ್ಲಿ ಕೇಳುವ ಕವಿತೆಗೂ ಯಾವ ಪದ ಉದ್ದವಾಯಿತು, ಯಾವ ಸಾಲು ಮರುಕಳಿಸಿತು ಎಂದು ಪಟ್ಟಿ ಮಾಡಿದರೆ ಸಂಗೀತ ಸಂಯೋಜನೆ ಎಂದರೇನೆಂಬುದು ತಾನೇ ಸ್ಪಷ್ಟವಾಗುತ್ತದೆ. ಬಿಜಾಪುರ ಸೀಮೆಯ ಬೀಳಗಿಯಲ್ಲಿ ಹುಟ್ಟಿ ಮುಂಬಯಿಯ ‘ಕಿಸ್ಮತ್’ (1943) ಚಿತ್ರಕ್ಕೆ ಹಾಡಿದ ಅಮೀರಬಾಯಿ ಕರ್ನಾಟಕಿಯವರ ಮೇಲೆ ನಮ್ಮ ಭಾಗದಿಂದ ಒಂದಾದರೂ ಒಳ್ಳೆಯ ಸರಣಿ ಬರಲೇಬೇಕು ಎಂಬುದು ನನ್ನ ಬಲವಾದ ಆಸೆ.

ಹಾಡು ಯಾವುದರ ಮೇಲೆ ಮುದ್ರಣವಾಯಿತು ಎಂಬುದನ್ನೂ ಮರೆಯಬೇಡಿ. ನಿಮಿಷಕ್ಕೆ 78 ಸುತ್ತಿನ ಹತ್ತಿಂಚಿನ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚಷ್ಟೇ ಹಿಡಿಸುತ್ತಿತ್ತು. ಗಂಟೆಗಟ್ಟಲೆ ಹಾಡುತ್ತಿದ್ದ ಗವಾಯಿಗಳು ಅದಕ್ಕೆ ತಕ್ಕಂತೆ ಆಲಾಪವನ್ನು ಕತ್ತರಿಸಬೇಕಾಯಿತು. 60 ನಿಮಿಷದ ಕ್ಯಾಸೆಟ್ಟಿನ ಒಂದೊಂದು ಬದಿಗೆ ಅರ್ಧ ಗಂಟೆ ಸಿಕ್ಕಾಗ ಕಥನಗೀತೆ, ಹರಿಕಥೆ, ದೇವಿಯ ಮಹಿಮೆ, ನಾಟಕ ಎಲ್ಲಕ್ಕೂ ಜಾಗ ಬಂತು. ಘತ್ತರಗಿ ಭಾಗ್ಯವಂತಿಯ ಹಾಡುಗಳನ್ನು ಜಾತ್ರೆಯಿಂದ ಮನೆಗೆ ತಂದದ್ದು, ಗುರುರಾಜ ಹೊಸಕೋಟೆಯಂಥ ಜಾನಪದ ಗಾಯಕರನ್ನು ಟ್ರ್ಯಾಕ್ಟರಿನ ಟೇಪಿಗೂ ಚಹಾದಂಗಡಿಗೂ ತಲುಪಿಸಿದ್ದು ಕ್ಯಾಸೆಟ್ಟೇ.

ಮಾಡುವ ಕ್ರಮ

1. ಒಂದು ಪ್ರಶ್ನೆ ಬರೆದುಕೊಳ್ಳಿ. ಒಂದೇ ಸಾಲಿನಲ್ಲಿ ಇರಲಿ. ಸಾಲು ಎರಡಾದರೆ ಕಂತೂ ಎರಡು.

2. ಹಾಡನ್ನು ಮೂರು ಬಗೆಯಲ್ಲಿ ಕೇಳಿ. ಒಮ್ಮೆ ಪದಕ್ಕಾಗಿ, ಒಮ್ಮೆ ವಾದ್ಯಕ್ಕಾಗಿ, ಒಮ್ಮೆ ಕಣ್ಣು ಮುಚ್ಚಿ ಏನೂ ಬರೆದುಕೊಳ್ಳದೆ. ಗಮನ ಸೆಳೆದ ಜಾಗದ ನಿಮಿಷ, ಸೆಕೆಂಡು ಗುರುತು ಹಾಕಿ. ಕ್ಯಾಸೆಟ್ಟಿದ್ದರೆ ಒಳಗಿನ ಕಾಗದ ಓದಿ. ಸಾಹಿತ್ಯ, ಸಂಗೀತ, ತಬಲಾ, ಕೊಳಲು, ಧ್ವನಿಮುದ್ರಣ ಯಾರದೆಂಬ ಹೆಸರುಗಳು ಅಲ್ಲಿರುತ್ತವೆ. ಅಂತರ್ಜಾಲದಲ್ಲಿ ಹೆಚ್ಚಿನವು ಬಿಟ್ಟುಹೋಗಿರುತ್ತವೆ.

3. ಬರೆದುಕೊಂಡು ಮಾತಾಡಿ, ಆದರೆ ಓದಬೇಡಿ. ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ನೂರರ ಆಸುಪಾಸು ಪದ ಹೋಗುತ್ತವೆ. ಹತ್ತು ನಿಮಿಷದಲ್ಲಿ ಎರಡು ಮೂರು ನಿಮಿಷ ಹಾಡಿಗೆ ಹೋದರೆ ನಿಮ್ಮ ಮಾತಿಗೆ ಉಳಿಯುವುದು ಏಳುನೂರು ಪದ. ಪೂರ್ತಿ ಬರೆದು, ಆಮೇಲೆ ಮುಖ್ಯ ಪದಗಳನ್ನಷ್ಟೇ ಒಂದು ಚೀಟಿಗೆ ಇಳಿಸಿ, ಚೀಟಿ ನೋಡಿಕೊಂಡು ಎದುರಿಗೆ ಗೆಳೆಯರು ಕೂತಿದ್ದಾರೆಂದುಕೊಂಡು ಹೇಳಿ.

4. ನಿಮ್ಮ ಮಾತಿನಲ್ಲೇ ಹೇಳಿ. ಟಿವಿ ನಿರೂಪಕರ ಭಾಷೆ ಬೇಡ. ‘ಇಂದಿನ ಸಂಚಿಕೆಯಲ್ಲಿ ನಾವು ತತ್ವಪದಗಳ ಕುರಿತು ತಿಳಿದುಕೊಳ್ಳೋಣ’ ಎಂಬುದು ಒಂದು ಆರಂಭ. ‘ಭಜನಿಯೊಳಗ ಮುಂದಿನವರು ಹಾಡಿದ್ದನ್ನೇ ಹಿಂದಿನವರು ತಿರುಗಿ ಹಾಡ್ತಾರ. ಯಾಕ ತಿರುಗಿ ಹಾಡ್ತಾರಂತ ಎಂದಾರ ವಿಚಾರ ಮಾಡೀರೇನು?’ ಎಂಬುದು ಇನ್ನೊಂದು. ಎರಡನೆಯದು ಕೇಳುಗರನ್ನು ಹಿಡಿಯುತ್ತದೆ. ಕಲಬುರಗಿ ಮಾತು ಮೈಸೂರಿನವರಿಗೆ ತಿಳಿಯುವುದಿಲ್ಲ ಎಂಬ ಅಂಜಿಕೆ ಬೇಡ, ಅವರಿಗೆ ತಿಳಿಯುತ್ತದೆ.

5. ಮೊದಲ ಮೂವತ್ತು ಸೆಕೆಂಡಿನಲ್ಲಿ ಹಾಡು ಕೇಳಿಸಬೇಕು. ನಿಮ್ಮ ಹೆಸರು, ಕಾರ್ಯಕ್ರಮದ ಹೆಸರು ಅದರ ನಂತರ.

6. ಕೊನೆಯಲ್ಲಿ ಒಂದು ಕೆಲಸ ಕೊಡಿ. ‘ನಿಮ್ಮೂರಾಗ ಈ ಪದಕ್ಕ ಬ್ಯಾರೆ ಧಾಟಿ ಇದ್ದರ ಹಾಡಿ ಕಳಿಸ್ರಿ’ ಎಂದರೆ ಸಾಕು. ಮುಂದಿನ ಕಂತಿನ ಸಾಮಗ್ರಿ ತಾನೇ ಬರುತ್ತದೆ.

ಹಿರಿಯ ಹಾಡುಗಾರರ ಹತ್ತಿರ ಹೋದಾಗ

ಇದಕ್ಕೆ ಬಿಡುವು ಬೇಕು. ಮೊದಲ ಭೇಟಿಯಲ್ಲಿ ಮೊಬೈಲ್ ಹೊರಗೆ ತೆಗೆಯಲೇಬೇಡಿ. ಚಹಾ ಕುಡಿದು, ಅವರು ಹಾಡುವುದನ್ನು ಸುಮ್ಮನೆ ಕೇಳಿ ಬನ್ನಿ. ಎರಡನೆಯ ಸಲ ಒಪ್ಪಿಗೆ ಕೇಳಿ. ಎಲ್ಲಿ ಹಾಕುತ್ತೀರಿ, ಯಾರು ಕೇಳುತ್ತಾರೆ, ದುಡ್ಡು ಬಂದರೆ ಏನು ಎಂಬುದನ್ನು ಬಿಡಿಸಿ ಹೇಳಿ. ಒಪ್ಪಿದ್ದನ್ನು ಅವರ ಬಾಯಲ್ಲೇ ಮುದ್ರಿಸಿಕೊಂಡರೆ ಕಾಗದಕ್ಕಿಂತ ಚೆನ್ನ. ಸಹಿ ಮಾಡಲು ಬಾರದವರಿಗೂ ಅದರಿಂದ ಸಂಕೋಚವಾಗುವುದಿಲ್ಲ.

‘ನಿಮ್ಮ ಸಂಗೀತ ಪಯಣದ ಬಗ್ಗೆ ಹೇಳಿ’ ಎಂದು ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಕಣ್ಣಿಗೆ ಕಾಣುವಂಥದ್ದನ್ನು ಕೇಳಿ.

‘ಮುತ್ಯಾ, ಈ ಪದ ಯಾರ ಹತ್ರ ಕಲ್ತ್ರಿ?’

‘ನಮ್ಮ ಕಾಕಾ ಹಾಡ್ತಿದ್ದ. ಅವನ ಹಿಂದ ಕುಂತು ತಾಳ ಬಾರಿಸ್ತಿದ್ದೆ.’

‘ಆವಾಗ ಪೇಟಿ ಇತ್ತೇನ್ರಿ?’

‘ಎಲ್ಲಿ ಪೇಟಿ ತಮ್ಮಾ? ಏಕತಾರಿ, ದಿಮ್ಮಡಿ ಅಷ್ಟೇ. ಪೇಟಿ ಆಮ್ಯಾಲ ಬಂತು.’

ಇಂಥ ನಾಲ್ಕು ಮಾತಿನಲ್ಲಿ ಒಂದು ಪ್ರಕಾರದ ಇತಿಹಾಸವೇ ಇದೆ. ಪೇಟಿ ಬಂದ ಮೇಲೆ ಶ್ರುತಿ ಹೇಗೆ ಬದಲಾಯಿತು, ಹಾಡುವ ಮಟ್ಟ ಏರಿತೋ ಇಳಿಯಿತೋ, ಏಕತಾರಿಯ ಮೇಲೆ ಹಾಡಿ ತೋರಿಸುತ್ತೀರಾ ಎಂದು ಮುಂದುವರಿಸಿ. ಹೆಣ್ಣುಮಕ್ಕಳ ಹಾಡು ಬೇಕೆಂದರೆ ಹೆಣ್ಣುಮಕ್ಕಳೇ ಹೋಗುವುದು ಒಳ್ಳೆಯದು. ಸೋಬಾನ, ಬೀಸುವ ಪದಗಳನ್ನು ಆಯಿಯವರು ಗಂಡಸರ ಮುಂದೆ ಪೂರ್ತಿ ಹಾಡುವುದು ಕಡಿಮೆ.

ಅವರು ಹಾಡಿದ ಪದದಲ್ಲಿ ಮಠವನ್ನೋ ಮೇಲ್ಜಾತಿಯನ್ನೋ ಬೈದಿದ್ದರೆ ಆ ಸಾಲನ್ನು ಕತ್ತರಿಸಬೇಡಿ. ತತ್ವಪದಕಾರರು ಹಾಡಿದ್ದೇ ಅದಕ್ಕಾಗಿ. ಉಚ್ಚಾರ ತಿದ್ದಲು ಹೋಗುವುದಂತೂ ದೊಡ್ಡ ತಪ್ಪು.

ಹಾಡು ಮುಗಿದ ಕೂಡಲೇ ಗಾಯಕರ ಹೆಸರು, ಊರು, ದಿನಾಂಕ, ಪದದ ಅಂಕಿತ, ಜೊತೆಗೆ ನುಡಿಸಿದವರ ಹೆಸರು ಇಷ್ಟನ್ನೂ ಅದೇ ಧ್ವನಿಮುದ್ರಣದಲ್ಲಿ ಹೇಳಿಸಿ. ಫೈಲಿನ ಹೆಸರು ಅಳಿಸಬಹುದು, ಒಳಗಿನ ಮಾತು ಅಳಿಸುವುದಿಲ್ಲ.

ಧ್ವನಿಮುದ್ರಣ: ದುಬಾರಿ ಸಾಮಾನು ಬೇಕಿಲ್ಲ

ಕೆಟ್ಟ ಧ್ವನಿಗೆ ಮೊಬೈಲಿಗಿಂತ ಹೆಚ್ಚಾಗಿ ಕೋಣೆಯೇ ಕಾರಣ. ಪತ್ರಾಸಿನ ಸೂರು, ಬಣ್ಣ ಬಳಿದ ಬರಿ ಗೋಡೆ, ಟೈಲ್ಸ್ ನೆಲ ಇವು ಧ್ವನಿಯನ್ನು ವಾಪಸು ಎಸೆಯುತ್ತವೆ. ಅದು ಮೂಲ ಧ್ವನಿಯ ಜೊತೆ ಸೇರಿ ಮಾತು ಬಾವಿಯೊಳಗಿನದಾಗುತ್ತದೆ. ಮೆತ್ತನೆಯ ಬಟ್ಟೆ ಅದನ್ನು ಹೀರುತ್ತದೆ. ಮನೆಯ ನಾಲ್ಕೈದು ಕೌದಿಗಳನ್ನು ಹಗ್ಗಕ್ಕೆ ಹಾಕಿ ಮೂರು ಕಡೆ ಮರೆ ಮಾಡಿ, ಕೆಳಗೊಂದು ಹಾಸಿ ಕೂತರೆ ಬಾಡಿಗೆ ಸ್ಟುಡಿಯೋದ ಅರ್ಧ ಗುಣ ಬರುತ್ತದೆ.

ಫ್ಯಾನ್, ಫ್ರಿಜ್ ಬಂದ್ ಮಾಡಿ. ಮೊಬೈಲನ್ನು ವಿಮಾನದ ಗುರುತಿನ ಮೋಡ್‌ಗೆ ಹಾಕಿ. ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇಡಿ. ನೇರ ಇಟ್ಟರೆ ‘ಪ’, ‘ಭ’ಗಳ ಗಾಳಿ ಮೈಕಿಗೆ ಬಡಿಯುತ್ತದೆ. ಭಜನೆಯನ್ನು ಮುದ್ರಿಸುವಾಗ ತಾಳದ ಹತ್ತಿರ ಕೂರಬೇಡಿ, ಅದರ ಸದ್ದು ಎಲ್ಲವನ್ನೂ ನುಂಗುತ್ತದೆ. ಹಾಡುವವರ ಕಡೆ ಮೈಕು, ತಾಳದವರ ಕಡೆ ಅದರ ಬೆನ್ನು. ಮೊದಲು ಅರ್ಧ ನಿಮಿಷ ಮುದ್ರಿಸಿ, ಇಯರ್‌ಫೋನ್ ಹಾಕಿ ಕೇಳಿ, ಆಮೇಲೆ ಮುಂದುವರಿಯಿರಿ.

ಮೂಲವನ್ನು ವೇವ್ ಫೈಲಾಗಿ ಉಳಿಸಿ. ಕತ್ತರಿಸಿ ಜೋಡಿಸಲು ಉಚಿತವಾದ ಆಡಾಸಿಟಿ ಸಾಕು. ಅದರಲ್ಲಿರುವ ಲೌಡ್‌ನೆಸ್ ನಾರ್ಮಲೈಸೇಶನ್‌ನಿಂದ ನಿಮ್ಮ ಮಾತಿನ ಮಟ್ಟವನ್ನೂ ಹಾಡಿನ ಮಟ್ಟವನ್ನೂ ಸಮ ಮಾಡಿಕೊಳ್ಳಿ. ಮಾತು ಮೆಲ್ಲಗೆ, ಹಾಡು ಜೋರಾಗಿ ಬಂದರೆ ಕೇಳುಗರು ಬೇಸತ್ತು ನಿಲ್ಲಿಸುತ್ತಾರೆ. ಹೊರಗೆ ಬಿಡುವಾಗ 64 ಕೆಬಿಪಿಎಸ್, ಮೋನೋ, ಎಂಪಿ3 ಮಾಡಿದರೆ ಹತ್ತು ನಿಮಿಷದ ಕಂತು ಐದು ಎಂಬಿಯೊಳಗೆ ಇರುತ್ತದೆ, ನೆಟ್‌ವರ್ಕ್ ಸರಿಯಿಲ್ಲದ ಊರಿಗೂ ಹೋಗುತ್ತದೆ. ಸಂಗೀತವೇ ಹೆಚ್ಚಿದ್ದರೆ 96ಕ್ಕೆ ಏರಿಸಿ. ಸ್ಪಾಟಿಫೈ, ಯೂಟ್ಯೂಬ್ ಇರಲಿ. ನಮ್ಮ ಕಡೆ ಜನ ಕೇಳುವುದು ವಾಟ್ಸಾಪ್ ಗುಂಪಿನಲ್ಲಿ. ಅಲ್ಲಿಗೂ ಕಳಿಸಿ.

ಹಳೆಯ ಕ್ಯಾಸೆಟ್ ಕೈಗೆ ಸಿಕ್ಕರೆ

ಸಿಕ್ಕ ಕೂಡಲೇ ಹಾಕಿ ಕೇಳುವ ಆಸೆಯನ್ನು ತಡೆಯಿರಿ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪಿನ ಪದರುಗಳು ಒಂದಕ್ಕೊಂದು ಅಂಟಿರಬಹುದು, ಬೂಷ್ಟು ಹಿಡಿದಿರಬಹುದು. ಕಿಟಕಿಯಿಂದ ನೋಡಿ. ಬಿಳಿ ಪುಡಿ ಕಂಡರೆ ಹಾಕಲೇಬೇಡಿ, ತಿಳಿದವರಿಗೆ ಕೊಡಿ. ಚೆನ್ನಾಗಿದ್ದರೆ ಪೆನ್ಸಿಲ್ ಹಾಕಿ ಕೈಯಿಂದ ಸಡಿಲಿಸಿ, ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ, ಆಮೇಲೆ ಕೇಳಿ. 90 ನಿಮಿಷದ ಕ್ಯಾಸೆಟ್ಟಿನ ಟೇಪು 60ರದ್ದಕ್ಕಿಂತ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಮುದ್ರಿಸಿದ ಕ್ಯಾಸೆಟ್ಟಾದರೆ ಮೇಲಂಚಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ. ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ.

ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವಯರು ಜೋಡಿಸಿ ಮುದ್ರಿಸಿಕೊಳ್ಳಿ. ಸ್ಪೀಕರ್ ಮುಂದೆ ಮೊಬೈಲ್ ಇಡಬೇಡಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋದಲ್ಲಿ ಒಂದು ಗಂಟೆಯ ಕ್ಯಾಸೆಟ್ ಸುಮಾರು ಒಂದು ಜಿಬಿ ಆಗುತ್ತದೆ. ಕರಕರ ಸದ್ದನ್ನು ಪೂರ್ತಿ ತೆಗೆಯಲು ಹೋಗಬೇಡಿ, ಅದರ ಜೊತೆ ಗಾಯಕರ ಉಸಿರೂ ಹೋಗುತ್ತದೆ. ಎರಡು ಬೇರೆ ಬೇರೆ ಜಾಗದಲ್ಲಿ ಪ್ರತಿ ಇಡಿ.

ಹಕ್ಕಿನ ವಿಚಾರ

ಮೂವತ್ತು ಸೆಕೆಂಡು ಬಳಸಿದರೆ ಏನೂ ಆಗುವುದಿಲ್ಲ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅಂಥ ನಿಯಮ ನಮ್ಮ ಕಾನೂನಿನಲ್ಲಿ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ, ಎಷ್ಟು ಸೆಕೆಂಡು ಎಂದು ಹೇಳುವುದಿಲ್ಲ. ನೀವು ಮಾತಾಡುತ್ತಿರುವ ಅಂಶವನ್ನು ತೋರಿಸಲು ಬೇಕಾದಷ್ಟನ್ನೇ ಬಳಸಿ, ಹಾಡಿನ ಹೆಸರು, ಕವಿ, ಸಂಗೀತ, ಗಾಯಕರು, ಸಂಸ್ಥೆ ಎಲ್ಲವನ್ನೂ ಹೇಳಿ. ಮಾತಿನ ಕೆಳಗೆ ಹಿನ್ನೆಲೆಯಾಗಿ ಹಾಡು ಹರಿಯಬಿಡುವುದು ವಿಮರ್ಶೆ ಅಲ್ಲ.

ಒಂದು ಹಾಡಿನಲ್ಲಿ ಹಕ್ಕು ಒಂದೇ ಇರುವುದಿಲ್ಲ. ಪದ ಮತ್ತು ಸಂಗೀತದ ಹಕ್ಕು ಅವುಗಳ ಕರ್ತೃ ತೀರಿಕೊಂಡ ವರ್ಷದ ನಂತರ 60 ವರ್ಷ, ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷದ ನಂತರ 60 ವರ್ಷ ಇರುತ್ತದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದ ಎಲ್ಲರದ್ದು. ಆದರೆ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವಥ್ ಕಟ್ಟಿದ ಧಾಟಿ ಎಲ್ಲರದ್ದಲ್ಲ. ಅವರು ತೀರಿಕೊಂಡದ್ದು 2009ರಲ್ಲಿ. 1990ರಲ್ಲಿ ಪ್ರಕಟವಾದ ಧ್ವನಿಮುದ್ರಣಕ್ಕೂ 2050ರ ಕೊನೆಯವರೆಗೆ ಹಕ್ಕಿದೆ. ‘ಕಿಸ್ಮತ್’ ಕಾಲದ ಧ್ವನಿಮುದ್ರಣಗಳ ಅವಧಿ ಮುಗಿದಿದೆ, ಹಾಡು ಬರೆದ ಕವಿ ಪ್ರದೀಪ್ ಮಾತ್ರ 1998ರವರೆಗೆ ಬದುಕಿದ್ದರು. ಹೀಗಾಗಿ ಒಂದೊಂದನ್ನೂ ಬೇರೆಯಾಗಿ ನೋಡಬೇಕು. ಯೂಟ್ಯೂಬಿನ ಯಂತ್ರ ನ್ಯಾಯವಾದ ಬಳಕೆಯನ್ನೂ ಹಿಡಿದು ನಿಲ್ಲಿಸುತ್ತದೆ. ಆಗ ತಕರಾರು ಸಲ್ಲಿಸುವ ದಾರಿ ಇದೆ. ಸುರಕ್ಷಿತವಾದ ಉಪಾಯವೆಂದರೆ ಊರಿನ ಹಾಡುಗಾರರಿಂದ ಹಳೆಯ ಧಾಟಿಯಲ್ಲೇ ಹಾಡಿಸಿ, ಅವರ ಒಪ್ಪಿಗೆಯೊಂದಿಗೆ ಮುದ್ರಿಸಿಕೊಳ್ಳುವುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಅದ್ಭುತ’, ‘ಅಮೋಘ’, ‘ಮೈ ಜುಮ್ಮೆನ್ನುತ್ತದೆ’. ಈ ಮಾತುಗಳಿಂದ ಕೇಳುಗರಿಗೆ ಏನೂ ಕೇಳಿಸುವುದಿಲ್ಲ. ಯಾವ ಜಾಗದಲ್ಲಿ, ಯಾವ ಸ್ವರಕ್ಕೆ ಹಾಗನಿಸಿತು ಎಂದು ಹೇಳಿ.

ಹಳೆಯದೆಲ್ಲ ಬಂಗಾರ, ಈಗಿನದೆಲ್ಲ ಕಸ ಎನ್ನುವುದು. ಉತ್ತರ ಕರ್ನಾಟಕದ ಡಿಜೆ ಜಾನಪದವನ್ನು ಬೈಯುವುದು ಸುಲಭ. ಡೊಳ್ಳಿನ ಯಾವ ನಡೆ ಅದರೊಳಗೆ ಉಳಿದಿದೆ ಎಂದು ಹುಡುಕುವುದು ಕಷ್ಟ, ಮಾಡಬೇಕಾದದ್ದು ಅದನ್ನೇ. ಇಂದಿನ ಹುಡುಗರು ಕೇಳುಗರಾಗಬೇಕೆಂದಿದ್ದರೆ ಅವರ ಹಾಡನ್ನೂ ಗೌರವದಿಂದ ಕೇಳಬೇಕು.

ಗೊತ್ತಿಲ್ಲದ ರಾಗದ ಹೆಸರು ಹೇಳುವುದು. ಭಜನೆಯ ಧಾಟಿಗೆ ಹತ್ತಿರವಾದ ರಾಗ ಇರಬಹುದು, ಅದೇ ಆಗಿರಬೇಕಿಲ್ಲ. ಹಾಡುವವರು ಅದಕ್ಕೆ ಏನೆನ್ನುತ್ತಾರೋ ಅದನ್ನೇ ಹೇಳಿ.

ಇಬ್ಬರು ಕೂತು ಹರಟುವುದು. ಒಬ್ಬರಿಗೆ ಹಾಡು ಗೊತ್ತಿರಬೇಕು, ಇನ್ನೊಬ್ಬರು ಮೊದಲ ಸಲ ಕೇಳುತ್ತಿರಬೇಕು. ಆಗ ಕೇಳುಗರ ಪ್ರಶ್ನೆ ತಾನಾಗಿ ಮಾತಿನಲ್ಲಿ ಬರುತ್ತದೆ. ಇಬ್ಬರಿಗೂ ಎಲ್ಲ ಗೊತ್ತಿದ್ದರೆ ಕೇಳುಗರು ಹೊರಗುಳಿಯುತ್ತಾರೆ.

ಮೊದಲ ವಾರದಲ್ಲಿ ಐದು ಕಂತು ಹಾಕಿ, ಆಮೇಲೆ ತಿಂಗಳುಗಟ್ಟಲೆ ಸುಮ್ಮನಾಗುವುದು. ನಾಲ್ಕು ಕಂತು ಪೂರ್ತಿ ತಯಾರಾದ ಮೇಲೆ ಮೊದಲನೆಯದನ್ನು ಬಿಡಿ. ಹದಿನೈದು ದಿನಕ್ಕೊಂದಾದರೂ ಸರಿ, ಹೇಳಿದ ದಿನ ಬರಲಿ.

ಮೊದಲ ಕಂತನ್ನು ನಿಮ್ಮೂರ ಭಜನಾ ಮಂಡಳಿಯ ಮೇಲೆಯೇ ಮಾಡಿ. ಸಿನಿಮಾ ಹಾಡುಗಳ ಧ್ವನಿಮುದ್ರಣ ಸಂಸ್ಥೆಗಳ ಬಳಿ ಭದ್ರವಾಗಿದೆ, ಅದರ ಬಗ್ಗೆ ಮಾತಾಡಲು ಮುಂದೆಯೂ ಜನ ಸಿಗುತ್ತಾರೆ. ನಿಮ್ಮ ಓಣಿಯ ಮುತ್ಯಾ ಹಾಡುವ ಧಾಟಿ ಅವರ ಕಂಠದಲ್ಲಿ ಮಾತ್ರ ಇದೆ. ಮುದ್ರಿಸಿದ ಮೇಲೆ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಅವರ ಮನೆಗೆ ಕೊಟ್ಟು ಬನ್ನಿ.